ಒಂದು ನದಿಯ ಜೊತೆ ಹಿಮಾಚಲಕ್ಕೆ: ಮೊದಲ ಸಲ ಹೋಗುವವರಿಗೆ ಮಾರ್ಗದರ್ಶಿ

ಕರ್ನಾಟಕದಿಂದ ಹಿಮಾಚಲ ಪ್ರದೇಶಕ್ಕೆ ಹೋಗುವ ಹೆಚ್ಚಿನವರು ಶಿಮ್ಲಾ ಮತ್ತು ಮನಾಲಿಗಳನ್ನು ಐದಾರು ದಿನಗಳಲ್ಲಿ ಮುಗಿಸಿ, ಮಾಲ್ ರಸ್ತೆಯಲ್ಲಿ ಓಡಾಡಿ, ಹಿಮದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಎರಡೂ ಚೆಂದದ ಊರುಗಳೇ. ಆದರೆ 2011ರ ಜನಗಣತಿಯ ಪ್ರಕಾರ ಈ ರಾಜ್ಯದ ಸುಮಾರು 68.6 ಲಕ್ಷ ಜನರಲ್ಲಿ ಶೇ. 90ರಷ್ಟು ಮಂದಿ ಹಳ್ಳಿಗಳಲ್ಲಿ ವಾಸಿಸುತ್ತಾರೆ. ಇಳಿಜಾರಿನ ಮೆಟ್ಟಿಲು ಗದ್ದೆ, ಸೇಬಿನ ತೋಟ, ಕಲ್ಲು ಮತ್ತು ಮರದ ಮನೆ, ಊರಿನ ದೇವತೆಯ ಅಂಗಳ, ಇವುಗಳ ನಡುವೆ ಒಂದೆರಡು ದಿನವಾದರೂ ಕಳೆಯದೆ ಈ ರಾಜ್ಯದ ಗುಣ ತಿಳಿಯುವುದಿಲ್ಲ. ಆದ್ದರಿಂದ ಈ ಲೇಖನದ ಸಲಹೆ ಸರಳವಾದದ್ದು: ಊರುಗಳ ಪಟ್ಟಿ ಮಾಡುವುದನ್ನು ಬಿಟ್ಟು ಒಂದು ನದಿಯನ್ನು ಆರಿಸಿಕೊಳ್ಳಿ, ಅದರ ಕಣಿವೆಯಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹೋಗಿ, ಉಳಿದ ಕಣಿವೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ನಕ್ಷೆಯನ್ನು ನದಿಗಳ ಮೂಲಕ ಓದಿ

ಹಿಮಾಚಲದ ವಿಸ್ತೀರ್ಣ 55,673 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಕಾಣುವ ಎರಡು ಊರುಗಳ ನಡುವೆ ನಾಲ್ಕು ಸಾವಿರ ಮೀಟರಿನ ಪರ್ವತ ಶ್ರೇಣಿ ಅಡ್ಡ ನಿಂತಿರಬಹುದು. ಹಾಗಾಗಿ ಇಲ್ಲಿ ಕಿಲೋಮೀಟರಿನ ಲೆಕ್ಕ ಪ್ರಯೋಜನಕ್ಕೆ ಬರುವುದಿಲ್ಲ. ಪಂಜಾಬಿನ ಬಯಲು ಮುಗಿಯುತ್ತಿದ್ದಂತೆ ಶಿವಾಲಿಕ್ ಗುಡ್ಡಗಳು ಏಳುತ್ತವೆ. ಅವುಗಳ ಹಿಂದೆ ಧೌಲಾಧರ್, ಅದರಾಚೆ ಪೀರ್ ಪಂಜಾಲ್, ಇನ್ನೂ ಒಳಗೆ ಮಳೆಯ ಮೋಡಗಳು ಬಹುಮಟ್ಟಿಗೆ ದಾಟಲಾರದ ಲಾಹೌಲ್ ಮತ್ತು ಸ್ಪಿತಿಯ ಒಣ ಪ್ರದೇಶ. ಟಿಬೆಟ್ ಗಡಿಯ ಬಳಿ ಇರುವ ರಿಯೊ ಪುರ್ಗ್ಯಿಲ್ 6,816 ಮೀಟರ್ ಎತ್ತರವಿದ್ದು, ರಾಜ್ಯದ ಅತ್ಯುನ್ನತ ಶಿಖರವಾಗಿದೆ.

ಈ ಶ್ರೇಣಿಗಳನ್ನು ಸೀಳಿಕೊಂಡು ಹರಿಯುವ ನದಿಗಳೇ ರಾಜ್ಯದ ನಿಜವಾದ ಹೆದ್ದಾರಿಗಳು. ಸತ್ಲಜ್ ಟಿಬೆಟಿನಿಂದ ಬಂದು ಕಿನ್ನೌರನ್ನು ಹಾದು ರಾಮ್‌ಪುರದ ಮೂಲಕ ಭಾಕ್ರಾ ಅಣೆಕಟ್ಟನ್ನು ಸೇರುತ್ತದೆ. ಬಿಯಾಸ್ ರೋಹ್ತಾಂಗ್ ಸೀಮೆಯಲ್ಲಿ ಹುಟ್ಟಿ ಕುಲ್ಲು, ಮಂಡಿ, ಕಾಂಗ್ಡಾಗಳಿಗೆ ನೀರುಣಿಸುತ್ತದೆ. ರಾವಿ ಚಂಬಾದ ನದಿ. ಲಾಹೌಲಿನ ತಾಂದಿ ಎಂಬಲ್ಲಿ ಚಂದ್ರಾ ಮತ್ತು ಭಾಗಾ ಕೂಡಿ ಚಂದ್ರಭಾಗಾ ಆಗುತ್ತವೆ; ಅದೇ ಮುಂದೆ ಚೆನಾಬ್. ಯಮುನೆ ಪೂರ್ವದ ಗಡಿಯನ್ನು ಸವರಿಕೊಂಡು ಹೋಗುತ್ತದೆ. ಒಂದೊಂದು ಕಣಿವೆಯ ಮಾತು, ಟೋಪಿ, ಮನೆಯ ಛಾವಣಿ, ದೇವತೆ ಎಲ್ಲವೂ ಬೇರೆ ಬೇರೆಯಾಗಿರುವುದಕ್ಕೆ ಕಾರಣವೂ ಇದೇ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಬೆಟ್ಟಸಾಲನ್ನು ದಾಟಿಸುವ ದಾರಿ, ಅಂದರೆ ಸ್ಥಳೀಯರು ಜೋತ್ ಎನ್ನುವ ಕಣಿವೆದಾಟು, ಹಿಮ ಬಿದ್ದು ಮುಚ್ಚಿದ ಮೇಲೆ ಶತಮಾನಗಳ ಕಾಲ ಒಂದು ಸೀಮೆಯವರು ಮತ್ತೊಂದು ಸೀಮೆಯವರನ್ನು ಆರು ತಿಂಗಳು ಕಾಣುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲಷ್ಟೇ ಲಾಹೌಲಿನ ಜನರಿಗೆ ಚಳಿಗಾಲದಲ್ಲೂ ಮನಾಲಿಗೆ ಹೋಗಿಬರುವ ದಾರಿ ದೊರೆಯಿತು.

ಎರಡನೇ ಹೆಜ್ಜೆ: ಕಾಲವನ್ನು ಎಚ್ಚರದಿಂದ ಆರಿಸಿ

ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬರುತ್ತದೆ. ಏಪ್ರಿಲ್ ಒಳ್ಳೆಯ ಕಾಲ: ಮಧ್ಯಮ ಎತ್ತರದ ಕಾಡುಗಳಲ್ಲಿ ಬುರಾಂಶ್ ಮರಗಳು ಕೆಂಪು ಹೂ ಬಿಟ್ಟಿರುತ್ತವೆ, ಸೇಬಿನ ತೋಟಗಳು ಬಿಳಿ ಮತ್ತು ನಸುಗೆಂಪು ಹೂಗಳಿಂದ ತುಂಬಿರುತ್ತವೆ. ಮೇ ಎರಡನೇ ವಾರದಿಂದ ಜೂನ್ ಕೊನೆಯವರೆಗೆ ಉತ್ತರದ ಬಯಲಿನ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಜನಸಾಗರವೇ ಬರುವುದರಿಂದ ಶಿಮ್ಲಾ ಮತ್ತು ಮನಾಲಿಯ ರಸ್ತೆಗಳಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಬೇಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಪಶ್ಚಿಮ ಘಟ್ಟದ ಮಳೆಯನ್ನು ಕಂಡ ನಮಗೆ ಮಳೆಯ ಭಯ ಕಡಿಮೆ. ಆದರೆ ಹಿಮಾಲಯ ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯ ಪರ್ವತ. ಅದರ ಇಳಿಜಾರುಗಳು ಸಡಿಲ, ರಸ್ತೆ ಅಗಲಿಸಲು ಕಡಿದ ಜಾಗಗಳು ಇನ್ನೂ ಸಡಿಲ. 2023ರ ಜುಲೈ ತಿಂಗಳಲ್ಲಿ ಬಿಯಾಸ್ ಉಕ್ಕಿ ಕುಲ್ಲು ಮತ್ತು ಮನಾಲಿ ನಡುವಿನ ಹೆದ್ದಾರಿಯನ್ನು ಹಲವೆಡೆ ಕೊಚ್ಚಿಕೊಂಡು ಹೋಯಿತು. ಆಗಸ್ಟ್‌ನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಬಳಿ ಗುಡ್ಡ ಕುಸಿದು ಶಿವ ದೇವಾಲಯದಲ್ಲಿದ್ದ ಭಕ್ತರು ಮಣ್ಣಿನಡಿ ಸಿಲುಕಿದರು, ಕಾಲ್ಕಾ–ಶಿಮ್ಲಾ ರೈಲು ಹಳಿ ಗಾಳಿಯಲ್ಲಿ ತೂಗಾಡಿತು. ಸ್ಪಿತಿಯಲ್ಲಿ ಮಳೆ ಕಡಿಮೆ ಎಂಬುದು ನಿಜವಾದರೂ ಅಲ್ಲಿಗೆ ಹೋಗುವ ದಾರಿಗಳೆಲ್ಲ ಮಳೆಯ ಸೀಮೆಯನ್ನು ಹಾದೇ ಹೋಗಬೇಕು.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಕಾಲವೇ ಅತ್ಯುತ್ತಮ. ಆಕಾಶ ಶುಭ್ರವಾಗಿರುತ್ತದೆ, ಕಿನ್ನೌರಿನ ಸೇಬಿನ ಕೊಯ್ಲು ನಡೆಯುತ್ತಿರುತ್ತದೆ, ಹೆಂಗಸರು ಕಡಿದಾದ ಹುಲ್ಲುಗಾವಲುಗಳಲ್ಲಿ ಚಳಿಗಾಲದ ಮೇವಿಗಾಗಿ ಹುಲ್ಲು ಕೊಯ್ದು ಬೆನ್ನಿನ ಮೇಲೆ ಹೊತ್ತು ತರುತ್ತಿರುತ್ತಾರೆ. ನಮ್ಮ ದಸರಾ ರಜೆ ಬಹುತೇಕ ಇದೇ ಅವಧಿಗೆ ಬೀಳುತ್ತದೆ.

ಮೂರನೇ ಹೆಜ್ಜೆ: ನಿಮ್ಮ ಕಣಿವೆ ಯಾವುದೆಂದು ನಿರ್ಧರಿಸಿ

ಹಿರಿಯರು ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದರೆ ಕಾಂಗ್ಡಾ ಸೂಕ್ತ. ಎತ್ತರ ಕಡಿಮೆ, ದಾರಿ ಸಲೀಸು, ಪಾಲಂಪುರದ ಚಹಾ ತೋಟಗಳ ಹಿಂದೆ ಧೌಲಾಧರ್ ಒಂದೇ ಏರಿಗೆ ಗೋಡೆಯಂತೆ ನಿಂತಿರುವುದನ್ನು ಮನೆಯಂಗಳದಿಂದಲೇ ನೋಡಬಹುದು. ಗದ್ದೆಗಳ ನಡುವೆ ಹರಿಯುವ ಕೂಲ್ ಎಂಬ ಕಾಲುವೆಗಳನ್ನು ಗಮನಿಸಿ. ಹಿಮ ಕರಗಿದ ನೀರನ್ನು ಹಳ್ಳಿಯಿಂದ ಹಳ್ಳಿಗೆ ಹಂಚುವ ಈ ವ್ಯವಸ್ಥೆಯನ್ನು ಕೊಹ್ಲಿ ಎಂಬ ನೀರುಗಂಟಿ ತಲೆತಲಾಂತರದಿಂದ ನೋಡಿಕೊಂಡು ಬಂದಿದ್ದಾನೆ. ಬೈಲುಕುಪ್ಪೆಯನ್ನೋ ಮುಂಡಗೋಡನ್ನೋ ನೋಡಿದವರಿಗೆ ಧರ್ಮಶಾಲೆಯ ಮೆಕ್ಲಿಯೋಡ್‌ಗಂಜ್ ತೀರಾ ಅಪರಿಚಿತ ಎನಿಸದು, ಏಕೆಂದರೆ ದಲೈ ಲಾಮಾ ಅವರ ನಿವಾಸವೂ ದೇಶಾಂತರಿ ಟಿಬೆಟನ್ನರ ಆಡಳಿತ ಕೇಂದ್ರವೂ ಅಲ್ಲಿವೆ.

ನಡೆಯಲು ಇಷ್ಟಪಡುವವರು, ಆದರೆ ಹೆಚ್ಚು ದಿನ ಇಲ್ಲದವರು, ತೀರ್ಥನ್ ಕಣಿವೆಗೆ ಹೋಗಬಹುದು. ಮಂಡಿಯಿಂದ ಕುಲ್ಲುವಿಗೆ ಹೋಗುವ ದಾರಿಯಲ್ಲಿ ಔಟ್ ಎಂಬಲ್ಲಿ ತಿರುಗಿದರೆ ಬಂಜಾರ್, ಅಲ್ಲಿಂದ ಗುಶೈನಿ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಬಾಗಿಲು ಇಲ್ಲಿದೆ. ಸ್ಥಳೀಯರು ಜುಜುರಾಣಾ ಎನ್ನುವ, ರಾಜ್ಯಪಕ್ಷಿಯಾದ ಅಪರೂಪದ ಕಾಡುಕೋಳಿಯ ನೆಲೆ ಇದು.

ಕುಲ್ಲು ಕಣಿವೆಗೇ ಹೋಗಬೇಕೆನ್ನುವವರು ಮನಾಲಿಯ ಬದಲು ನಗ್ಗರಿನಲ್ಲಿ ಉಳಿದುಕೊಳ್ಳುವುದು ಲೇಸು. ಹಳೆಯ ರಾಜಧಾನಿಯಾದ ಈ ಊರಿನಲ್ಲಿ ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಚ್ ನೆಲೆಸಿ, 1947ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮನೆ ಈಗ ವಸ್ತುಸಂಗ್ರಹಾಲಯ. ಅವರ ಮಗ ಸ್ವೆತೊಸ್ಲಾವ್ ರೋರಿಚ್ ಮತ್ತು ಪತ್ನಿ ದೇವಿಕಾ ರಾಣಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು ಎಂಬುದನ್ನು ನೆನೆದು ಆ ಮನೆಯ ಚಿತ್ರಗಳನ್ನು ನೋಡಿದರೆ ಅವು ಇನ್ನಷ್ಟು ಹತ್ತಿರವಾಗುತ್ತವೆ. ಕುಲ್ಲುವಿನ ದಸರೆಯೂ ಮೈಸೂರಿನವರಿಗೆ ಕುತೂಹಲ ಹುಟ್ಟಿಸುವಂಥದ್ದು: ನಮ್ಮಲ್ಲಿ ಜಂಬೂಸವಾರಿಯೊಂದಿಗೆ ಹಬ್ಬ ಮುಗಿಯುವ ವಿಜಯದಶಮಿಯಂದೇ ಅಲ್ಲಿ ರಘುನಾಥನ ರಥ ಹೊರಟು ಹಬ್ಬ ಆರಂಭವಾಗುತ್ತದೆ, ಮತ್ತು ಸುತ್ತಲಿನ ಹಳ್ಳಿಗಳ ದೇವತೆಗಳು ಪಲ್ಲಕ್ಕಿಯಲ್ಲಿ ಬಂದು ಢಾಲ್‌ಪುರ ಮೈದಾನದಲ್ಲಿ ಏಳು ದಿನ ಬೀಡುಬಿಡುತ್ತವೆ.

ಹತ್ತು ಹನ್ನೆರಡು ದಿನ ಬಿಡುವಿದ್ದು ಆರೋಗ್ಯ ಚೆನ್ನಾಗಿರುವವರಿಗೆ ನನ್ನ ಆಯ್ಕೆ ಸತ್ಲಜ್. ಬಯಲಿನ ಅಂಚಿನಿಂದ ಟಿಬೆಟಿನ ಗಡಿಯ ಶೀತ ಮರುಭೂಮಿಯವರೆಗೆ ಇಡೀ ರಾಜ್ಯದ ಮುಖಗಳನ್ನು ಒಂದೇ ದಾರಿ ಕ್ರಮವಾಗಿ ತೋರಿಸುತ್ತದೆ. ಆ ದಾರಿಯನ್ನು ಮುಂದೆ ವಿವರವಾಗಿ ಹೇಳಿದ್ದೇನೆ.

ನಾಲ್ಕನೇ ಹೆಜ್ಜೆ: ಬಾಗಿಲವರೆಗೆ ತಲುಪುವುದು

ಯಾವ ಕಣಿವೆಗೆ ಹೋಗುವುದಾದರೂ ಚಂಡೀಗಢ ಅನುಕೂಲವಾದ ಹೆಬ್ಬಾಗಿಲು. ಬೆಂಗಳೂರಿನಿಂದ ನೇರ ವಿಮಾನವಿದೆ. ಯಶವಂತಪುರದಿಂದ ಸಂಪರ್ಕ ಕ್ರಾಂತಿ ರೈಲೂ ವಾರದ ಕೆಲವು ದಿನ ಓಡುತ್ತದೆ. ಅಲ್ಲಿಂದ ಎಚ್‌ಆರ್‌ಟಿಸಿ, ಅಂದರೆ ಹಿಮಾಚಲದ ಸರ್ಕಾರಿ ಸಾರಿಗೆ, ಬಸ್ಸುಗಳು ರಾಜ್ಯದ ಎಲ್ಲ ದಿಕ್ಕಿಗೂ ಹೊರಡುತ್ತವೆ. ರಾಜ್ಯದೊಳಗಿನ ಮೂರು ಸಣ್ಣ ವಿಮಾನ ನಿಲ್ದಾಣಗಳಲ್ಲಿ ಹವಾಮಾನ ಕೆಟ್ಟರೆ ವಿಮಾನ ರದ್ದಾಗುವುದು ಸಾಮಾನ್ಯವಾದ್ದರಿಂದ ಅವನ್ನು ನೆಚ್ಚಿ ಯೋಜನೆ ಹಾಕಬೇಡಿ.

ಶಿಮ್ಲಾಕ್ಕೆ ಹೋಗುವುದಾದರೆ ಕಾಲ್ಕಾದಿಂದ ಪುಟ್ಟ ರೈಲನ್ನು ಹಿಡಿಯಿರಿ. 1903ರಲ್ಲಿ ಆರಂಭವಾದ ಈ ಹಳಿ 96 ಕಿ.ಮೀ.ಗಳಲ್ಲಿ 656 ಮೀಟರಿನಿಂದ ಎರಡು ಸಾವಿರ ಮೀಟರ್‌ ದಾಟಿ ಏರುತ್ತದೆ. ನೂರಕ್ಕೂ ಹೆಚ್ಚು ಸುರಂಗಗಳಿವೆ, ಬರೋಗ್ ಸುರಂಗ ಒಂದೇ 1.1 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಐದಾರು ಗಂಟೆ ಹಿಡಿಯುವ ಈ ಪಯಣದಲ್ಲಿ ಕುರುಚಲು ಗಿಡಗಳು ಹೋಗಿ ಚೀಡ್ ಎಂಬ ಪೈನ್ ಮರಗಳು, ಅವು ಹೋಗಿ ದೇವದಾರು ಬರುವುದನ್ನು ಕಿಟಕಿಯಲ್ಲೇ ಕುಳಿತು ಕಾಣಬಹುದು. ಮರ ಬದಲಾದದ್ದನ್ನು ನೋಡಿ ಎತ್ತರ ಅಂದಾಜು ಮಾಡುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಮುಂದಿನ ದಾರಿಯುದ್ದಕ್ಕೂ ಅದು ನೆರವಾಗುತ್ತದೆ.

ಐದನೇ ಹೆಜ್ಜೆ: ನದಿಯ ಜೊತೆ ಏರುವುದು

ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಲ್ಲೊಂದು ರಾತ್ರಿ ಸಾಕು. ಮರುದಿನ ನಾರ್ಕಂಡಾ ದಾಟಿ ಥಾಣೇದಾರ್ ಮತ್ತು ಕೋಟ್‌ಗಢದ ಕಡೆ ಇಳಿಯಿರಿ. ಹಿಮಾಚಲದ ಇಂದಿನ ಹಳ್ಳಿಯ ಬದುಕನ್ನು ರೂಪಿಸಿದ ಸೇಬಿನ ಕಥೆ ಇಲ್ಲಿಂದ ಆರಂಭವಾಗುತ್ತದೆ. ಅಮೆರಿಕದಿಂದ 1904ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಈ ಊರಿನವರೇ ಆಗಿಹೋಗಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿ, ಮುಂದೆ ಸತ್ಯಾನಂದ ಎಂಬ ಹೆಸರು ಪಡೆದರು. ಅವರು ಅಮೆರಿಕದಿಂದ ತರಿಸಿ ನೆಟ್ಟ ಸೇಬಿನ ತಳಿಗಳು ಬೆಟ್ಟದಿಂದ ಬೆಟ್ಟಕ್ಕೆ ಹರಡಿದವು. ಬಡತನದ ಈ ಇಳಿಜಾರುಗಳಲ್ಲಿ ಪಕ್ಕಾ ಮನೆ, ಶಾಲೆ, ವಾಹನಗಳು ಬಂದದ್ದರಲ್ಲಿ ಸೇಬಿನ ಪಾಲು ದೊಡ್ಡದು. ಹೊರಗಿನವರು ಸರ್ಕಾರದ ಅನುಮತಿಯಿಲ್ಲದೆ ಇಲ್ಲಿ ಜಮೀನು ಕೊಳ್ಳುವಂತಿಲ್ಲ ಎಂಬ 1972ರ ಭೂಸುಧಾರಣಾ ಕಾಯ್ದೆಯ 118ನೇ ಕಲಮು ಕೂಡ ಆ ತೋಟಗಳು ಊರಿನವರ ಕೈಯಲ್ಲೇ ಉಳಿಯಲು ನೆರವಾಗಿದೆ. ಈ ಕಾಯ್ದೆಯ ಬಗ್ಗೆ ಇಲ್ಲಿನ ಹಳ್ಳಿಗರಿಗೆ ಬಹಳ ಅಭಿಮಾನ. ಜಾಗದ ಬೆಲೆ ವಿಚಾರಿಸುತ್ತಾ ಮಾತು ಆರಂಭಿಸದಿರುವುದು ಒಳ್ಳೆಯದು.

ರಾಮ್‌ಪುರದಲ್ಲಿ ನದಿಯ ಮಟ್ಟಕ್ಕೆ ಇಳಿದು, ಜ್ಯೋರಿಯಿಂದ ಮತ್ತೆ ಮೇಲೇರಿದರೆ ಸರಹನ್. ಇಲ್ಲಿಯ ಭೀಮಾಕಾಳಿ ದೇವಾಲಯ ಕಾಠ್‌ಕುಣಿ ಕಟ್ಟಡ ವಿಧಾನದ ಶ್ರೇಷ್ಠ ಮಾದರಿ. ಗಾರೆಯಿಲ್ಲದೆ ಒಂದು ಸಾಲು ದೇವದಾರಿನ ತೊಲೆ, ಒಂದು ಸಾಲು ಕಲ್ಲು, ಹೀಗೆ ಪೇರಿಸಿದ ಗೋಡೆಗಳು ಭೂಮಿ ನಡುಗಿದಾಗ ತಾವೂ ಸ್ವಲ್ಪ ಅಲುಗಾಡಿ ಮತ್ತೆ ತಮ್ಮ ಸ್ಥಾನಕ್ಕೆ ಕೂರುತ್ತವೆ. 1905ರ ಏಪ್ರಿಲ್ 4ರಂದು ಕಾಂಗ್ಡಾದಲ್ಲಿ ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ನಾಡು ಇದು ಎಂಬುದನ್ನು ನೆನೆದರೆ ಈ ಕಟ್ಟಡಗಳ ಜಾಣ್ಮೆ ಅರ್ಥವಾಗುತ್ತದೆ. ಇಂದು ಅದೇ ಇಳಿಜಾರುಗಳಲ್ಲಿ ಏಳುತ್ತಿರುವ ಐದಾರು ಅಂತಸ್ತಿನ ಕಾಂಕ್ರೀಟ್ ಹೋಟೆಲುಗಳನ್ನು ಕಂಡು ಕಳವಳವೂ ಆಗುತ್ತದೆ.

ಮುಂದಿನ ನಿಲುಗಡೆ ಕಿನ್ನೌರಿನ ಕಲ್ಪಾ, ಎತ್ತರ 2,960 ಮೀಟರ್. ಎದುರಿಗೆ ಕಿನ್ನರ್ ಕೈಲಾಸ. ಇಲ್ಲಿ ಎರಡು ರಾತ್ರಿ ಕಡ್ಡಾಯವಾಗಿ ಉಳಿಯಿರಿ, ಏಕೆಂದರೆ ದೇಹ ತೆಳುಗಾಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಕಲ್ಪಾದ ಕೆಳಗಿನ ರೆಕಾಂಗ್ ಪಿಯೊ ಜಿಲ್ಲಾ ಕೇಂದ್ರ. ಅಲ್ಲಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಬೆಳಿಗ್ಗೆ ಬಸ್ಸಿದೆ. ಭಾರತೀಯರಿಗೆ ಈ ದಾರಿಗೆ ಪರವಾನಗಿ ಬೇಡ, ಗುರುತಿನ ಚೀಟಿ ಸಾಕು. ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಬಂಧುಗಳು ಜೊತೆಗಿದ್ದರೆ ಇನ್ನರ್ ಲೈನ್ ಪರವಾನಗಿ ಬೇಕು, ಅದನ್ನು ಪಿಯೊದಲ್ಲಿ ಮಾಡಿಸಿಕೊಳ್ಳಬಹುದು.

ಪಿಯೊ ದಾಟಿ ಕೆಲವು ಗಂಟೆಗಳಲ್ಲಿ ಮರಗಳು ಮಾಯವಾಗುತ್ತವೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸತ್ಲಜನ್ನು ಸೇರುತ್ತದೆ. ಅಲ್ಲಿಂದ ನಾವು ಸ್ಪಿತಿಯ ಜೊತೆ ಹೋಗುತ್ತೇವೆ. ಬೋಳು ಬೆಟ್ಟಗಳ ಕಂದು, ಬೂದು, ನೇರಳೆ ಬಣ್ಣಗಳ ನಡುವೆ ಎಲ್ಲೋ ಒಂದೆಡೆ ಬಟಾಣಿ ಮತ್ತು ಬಾರ್ಲಿಯ ಹಸಿರು ಗದ್ದೆ, ಅದರಂಚಿಗೆ ಬಿಳಿ ಸುಣ್ಣದ ಮಣ್ಣಿನ ಮನೆಗಳು. ತಾಬೊ ಮಠ ಕ್ರಿ.ಶ. 996ರಲ್ಲಿ ಸ್ಥಾಪನೆಯಾದದ್ದು. ಹೊರಗಿನಿಂದ ಸಾಧಾರಣ ಮಣ್ಣಿನ ಕಟ್ಟಡ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಸಾವಿರ ವರ್ಷದ ಭಿತ್ತಿಚಿತ್ರಗಳು ಮತ್ತು ಗೋಡೆಯಿಂದ ಹೊರಚಾಚಿದ ಗಾರೆಯ ಮೂರ್ತಿಗಳು ಒಂದೊಂದಾಗಿ ಎದ್ದು ಬರುತ್ತವೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಟಾರ್ಚನ್ನು ಚಿತ್ರಗಳ ಮೇಲೆ ಹಾಯಿಸುತ್ತಾ ನಿಲ್ಲುವುದೂ ಸಲ್ಲದು. ಈ ಇಡೀ ದಾರಿಯಲ್ಲಿ ಒಂದೇ ಜಾಗಕ್ಕೆ ಅರ್ಧ ದಿನ ಕೊಡುವುದಾದರೆ ಅದನ್ನು ತಾಬೊಗೆ ಕೊಡಿ. ಅಲ್ಲಿಂದ ಕಾಜಾ, ಕೀ ಮಠ, ಕಿಬ್ಬರ್.

ಮನಾಲಿಯ ಕಡೆಯಿಂದ ಕುಂಜುಮ್ ಕಣಿವೆದಾಟನ್ನು ಹತ್ತಿ ಸ್ಪಿತಿಗೆ ಬೇಗ ತಲುಪಬಹುದೆಂದು ಹಲವರು ಹೇಳುತ್ತಾರೆ. ಆ ದಾರಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಷ್ಟೇ ತೆರೆದಿರುತ್ತದೆ, ಮತ್ತು ಒಂದೇ ದಿನದಲ್ಲಿ ಎರಡು ಸಾವಿರ ಮೀಟರಿನಿಂದ ನಾಲ್ಕೂವರೆ ಸಾವಿರಕ್ಕೆ ಏರಿಸುತ್ತದೆ. ಸಮುದ್ರಮಟ್ಟದಿಂದಲೋ ಬೆಂಗಳೂರಿನಿಂದಲೋ ಬಂದವರಿಗೆ ಅದು ಸುರಕ್ಷಿತವಲ್ಲ. ಹಿಂದಿರುಗುವಾಗ, ದೇಹ ಹೊಂದಿಕೊಂಡ ಮೇಲೆ, ಆ ದಾರಿಯಲ್ಲಿ ಇಳಿಯಬಹುದು.

ಆರನೇ ಹೆಜ್ಜೆ: ದೇಹ ಮತ್ತು ದಾರಿಯ ಸುರಕ್ಷತೆ

ಮೂರು ಸಾವಿರ ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆಯಿಲ್ಲದಿರುವುದು ಕಂಡರೆ ಮುಂದಕ್ಕೆ ಏರದೆ ಅಲ್ಲೇ ವಿಶ್ರಾಂತಿ ಪಡೆಯಿರಿ. ನಡೆಯುವಾಗ ತೂರಾಡುವುದು, ಕುಳಿತಲ್ಲೇ ಉಸಿರು ಕಟ್ಟುವುದು, ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಸರಿ ಕೆಳಗಿನ ಊರಿಗೆ ಇಳಿಸಬೇಕು. ಇಳಿಯುವುದಕ್ಕೆ ಸಮನಾದ ಮದ್ದಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಎಂದು ಲೆಕ್ಕ ಹಾಕಿ, ಬೆಳಕು ಹರಿಯುತ್ತಿದ್ದಂತೆ ಹೊರಟು ಸಂಜೆ ನಾಲ್ಕಕ್ಕೆ ಮುಗಿಸಿ. ಚಾಲಕರಿಗೆ ಅವಸರ ಮಾಡಬೇಡಿ, ಅವರು ನಿಲ್ಲಿಸಬೇಕೆಂದಾಗ ಏಕೆಂದು ವಾದಿಸಬೇಡಿ. ಸ್ವಂತ ಓಡಿಸುವವರು ಏರುತ್ತಿರುವ ವಾಹನಕ್ಕೆ ದಾರಿ ಬಿಡುವ ಪದ್ಧತಿಯನ್ನು ಪಾಲಿಸಬೇಕು. ಪಿಯೊದಲ್ಲಿ ಇಂಧನ ತುಂಬಿಸಿ, ನಗದು ಹಣ ಇಟ್ಟುಕೊಳ್ಳಿ. ಮೊಬೈಲ್ ಸಂಪರ್ಕ ಕಡಿದಾಗ ಯುಪಿಐ ನಡೆಯುವುದಿಲ್ಲ.

ನದಿಯೊಳಗೆ ಇಳಿಯಬೇಡಿ. ಸತ್ಲಜ್ ಮತ್ತು ಬಿಯಾಸ್‌ಗಳ ಉದ್ದಕ್ಕೂ ಜಲವಿದ್ಯುತ್ ಅಣೆಕಟ್ಟುಗಳಿವೆ, ಮೇಲೆ ಬಾಗಿಲು ತೆರೆದರೆ ಕೆಳಗೆ ನಿಮಿಷಗಳಲ್ಲಿ ನೀರು ಏರುತ್ತದೆ. 2014ರ ಜೂನ್‌ನಲ್ಲಿ ಮಂಡಿ ಜಿಲ್ಲೆಯ ಥಲೌಟ್ ಬಳಿ ಬಂಡೆಗಳ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಲುಕಿ ಪ್ರಾಣ ಕಳೆದುಕೊಂಡರು. ಎಷ್ಟೇ ಶಾಂತವಾಗಿ ಕಂಡರೂ ನದಿಯನ್ನು ದಂಡೆಯ ಮೇಲಿನಿಂದಲೇ ನೋಡಬೇಕು.

ಏಳನೇ ಹೆಜ್ಜೆ: ಹಳ್ಳಿಯಲ್ಲಿ ಅತಿಥಿಯಾಗಿ ಇರುವುದು

ಸರ್ಕಾರದ ಹೋಂಸ್ಟೇ ಯೋಜನೆ 2008ರಲ್ಲಿ ಆರಂಭವಾಯಿತು. ನೋಂದಾಯಿತ ಮನೆಗಳು ಬಹುತೇಕ ಎಲ್ಲ ಕಣಿವೆಗಳಲ್ಲೂ ಸಿಗುತ್ತವೆ. ಮನೆಯವರು ತಂದೂರ್ ಎಂದು ಕರೆಯುವ, ಕೋಣೆಯನ್ನು ಬೆಚ್ಚಗಿಡುವ ಕಬ್ಬಿಣದ ಒಲೆಯ ಸುತ್ತ ರಾತ್ರಿ ಕುಳಿತಾಗ ಮಾತು ತಾನಾಗಿ ಬರುತ್ತದೆ. ಹಿಂದಿ ಎಲ್ಲರಿಗೂ ಗೊತ್ತು. ಗಂಡಸರನ್ನು ಭಾಯಿಜೀ, ಹೆಂಗಸರನ್ನು ದೀದಿ ಎಂದರೆ ಸಾಕು, ಸ್ಪಿತಿಯಲ್ಲಿ ಜುಲೆ ಎಂದು ನಮಸ್ಕರಿಸಿ. ಬೆಟ್ಟದವರು ಮೊದಲು ಕಡಿಮೆ ಮಾತಾಡುತ್ತಾರೆ. ಅದನ್ನು ಅನಾದರ ಎಂದು ತಿಳಿಯಬೇಡಿ. ಎರಡನೇ ದಿನ ಅದೇ ಮನೆಯವರು ತೋಟಕ್ಕೆ ಕರೆದೊಯ್ಯುತ್ತಾರೆ.

ಊಟದಲ್ಲಿ ಸಿಡ್ಡು ಕೇಳಿ: ಹುದುಗು ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟ್ ಅಥವಾ ಗಸಗಸೆಯ ಹೂರಣವಿಟ್ಟು ಹಬೆಯಲ್ಲಿ ಬೇಯಿಸಿ, ತುಪ್ಪ ಸುರಿದು ಕೊಡುತ್ತಾರೆ. ಮದುವೆಯೋ ಜಾತ್ರೆಯೋ ನಡೆಯುತ್ತಿದ್ದರೆ ಧಾಮ್ ಎಂಬ ಪಂಕ್ತಿ ಭೋಜನಕ್ಕೆ ನಿಮ್ಮನ್ನೂ ಕೂರಿಸುವ ಸಾಧ್ಯತೆ ಉಂಟು. ಬೋಟಿ ಎಂಬ ಪಾರಂಪರಿಕ ಅಡುಗೆಯವರು ಹಿತ್ತಾಳೆಯ ದೊಡ್ಡ ಪಾತ್ರೆಗಳಲ್ಲಿ ಮಾಡಿದ, ಮೊಸರಿನಲ್ಲಿ ಬೆಂದ ಕಾಬೂಲಿ ಕಡಲೆಯ ಮದ್ರಾ, ಬೇಳೆ, ಹುಳಿ, ಸಿಹಿ ಅನ್ನಗಳನ್ನು ನೆಲದ ಮೇಲೆ ಸಾಲಾಗಿ ಕುಳಿತವರಿಗೆ ಎಲೆಯಲ್ಲಿ ಬಡಿಸುತ್ತಾರೆ. ಚಂಬಾ, ಕಾಂಗ್ಡಾ, ಮಂಡಿಗಳಲ್ಲಿ ಇದು ಹೆಚ್ಚು. ನಮ್ಮವರಿಗೆ ಹೇಳಿಕೊಡಬೇಕಾದ ರೀತಿ ಇದರಲ್ಲಿ ಏನೂ ಇಲ್ಲ, ಸಾಲಿನ ನಡುವೆ ಏಳಬಾರದು ಎಂಬುದೂ ಸೇರಿ.

ದೇವತೆಯ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಇಲ್ಲಿ ಪ್ರತಿ ಊರಿನ ದೇವತೆಯೂ ಊರಿನ ಹಿರಿಯನಿದ್ದಂತೆ. ಗೂರ್ ಎಂಬ ಪಾತ್ರಿಯ ಬಾಯಲ್ಲಿ ಅದು ಮಾತನಾಡುತ್ತದೆ, ಮಳೆ, ಜಗಳ, ಜಾತ್ರೆಯ ದಿನ ಎಲ್ಲವನ್ನೂ ಅದರ ಮುಂದೆ ಕೇಳುತ್ತಾರೆ. ತುಳುನಾಡಿನ ದೈವಗಳನ್ನು ಬಲ್ಲವರಿಗೆ ಇದರ ಗಾಂಭೀರ್ಯ ತಕ್ಷಣ ತಿಳಿಯುತ್ತದೆ. ಪಲ್ಲಕ್ಕಿ ಎದುರಾದರೆ ಬದಿಗೆ ಸರಿದು ನಿಲ್ಲಿ, ಅದನ್ನು ಮುಟ್ಟಬೇಡಿ. ದೇಗುಲಗಳಲ್ಲಿ ಚರ್ಮದ ಬೆಲ್ಟ್ ಮತ್ತು ಪರ್ಸುಗಳನ್ನು ಹೊರಗಿಡಬೇಕಾಗಬಹುದು. ಸರಹನ್‌ನಲ್ಲಿ ತಲೆಗೆ ಟೋಪಿಯೂ ಬೇಕು. ಮಲಾಣಾ ಗ್ರಾಮದಲ್ಲಿ ಹೊರಗಿನವರು ಮನೆ, ದೇಗುಲ, ಜನರನ್ನು ಮುಟ್ಟಬಾರದೆಂಬ ನಿಯಮವಿದೆ. ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗದಿರುವುದೇ ಸರಿ. ಗದ್ದೆಯಲ್ಲಿ ಕೆಲಸ ಮಾಡುವ ಹೆಂಗಸರ ಫೋಟೊವನ್ನು ಕೇಳದೆ ತೆಗೆಯಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯದಲ್ಲಿ ನಿಷೇಧವಿದೆ. ಸ್ಪಿತಿಯಲ್ಲಿ ಎಸೆದ ಕಸ ಆ ಚಳಿಯಲ್ಲಿ ಕೊಳೆಯುವುದೂ ಇಲ್ಲ, ಆದ್ದರಿಂದ ತಂದದ್ದನ್ನು ವಾಪಸ್ ಕೊಂಡೊಯ್ಯಿರಿ.

ಕೊನೆಯ ಹೆಜ್ಜೆ: ಖರೀದಿ ಮತ್ತು ಹಿಂದಿರುಗುವಿಕೆ

ಶಾಲು ಕೊಳ್ಳುವುದಾದರೆ ಮಾಲ್ ರಸ್ತೆಯ ರಾಶಿಗಳನ್ನು ಬಿಟ್ಟು ನೇಕಾರರ ಸಹಕಾರ ಸಂಘಗಳ ಮಳಿಗೆಗೆ ಹೋಗಿ. 1944ರಲ್ಲಿ ಸ್ಥಾಪನೆಯಾದ ಕುಲ್ಲುವಿನ ಭುಟ್ಟಿಕೊ ಇವುಗಳಲ್ಲಿ ಹೆಸರಾದದ್ದು. ಕುಲ್ಲು ಮತ್ತು ಕಿನ್ನೌರಿನ ಶಾಲುಗಳೆರಡಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಕೈಮಗ್ಗದ್ದಕ್ಕೆ ಬೆಲೆ ಹೆಚ್ಚು, ಚೌಕಾಶಿಗೆ ಅವಕಾಶ ಕಡಿಮೆ. ಕಿನ್ನೌರಿನ ಚಿಲ್ಗೋಜಾ, ಅಂದರೆ ಪೈನ್ ಬೀಜ, ಮತ್ತು ಒಣಗಿಸಿದ ಜರ್ದಾಳು ಹಣ್ಣನ್ನು ಪಿಯೊ ಪೇಟೆಯಲ್ಲಿ ಕೊಳ್ಳಬಹುದು. ರಾಜ್ಮಾ ಹಗುರವಲ್ಲದಿದ್ದರೂ ಹೊತ್ತು ತರಲು ಯೋಗ್ಯವಾದದ್ದು.

ಹಿಂದಿರುಗುವ ರೈಲು ಅಥವಾ ವಿಮಾನಕ್ಕೂ ಬೆಟ್ಟ ಇಳಿಯುವ ದಿನಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ. ದಾರಿ ಮುಚ್ಚಿದರೆ ಆ ದಿನ ಬೇಕಾಗುತ್ತದೆ. ಮುಚ್ಚದಿದ್ದರೆ ನಾರ್ಕಂಡಾದಲ್ಲೋ ಬರೋಗ್‌ನಲ್ಲೋ ಇನ್ನೊಂದು ರಾತ್ರಿ ತಂಗಿ, ಮರುದಿನ ಕಾಲ್ಕಾಕ್ಕೆ ಇಳಿಯಬಹುದು.